ಅಡಿಕೆ ಹಂಡೆಯೂ ಲೆಕ್ಕಕ್ಕೆ ಸಿಗದ ಬಿಸಿಯೂ

ಮೊನ್ನೆ ಅಕ್ಕನ ಮಗ ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಬಂದವನೇ, ಕೈಕಾಲು ತೊಳೆಯುವ ಮುಂಚೆಯೇ ಶುರು ಮಾಡಿದ. "ಮಾವ, ನೀರಿಗೆ ಮುನ್ನೂರು ವೋಲ್ಟ್ ಕೊಟ್ರೆ, ಕೊಟ್ಟ ಕರೆಂಟಿಗಿಂತ ಜಾಸ್ತಿ ಬಿಸಿ ಬರುತ್ತಂತೆ. ಯಾಕೆ ಅಂತ ಯಾರಿಗೂ ಗೊತ್ತಿಲ್ವಂತೆ. ನಾವೂ ಒಂದ್ಸಲ ಮಾಡಿ ನೋಡಣ."

ಸ್ವಿಚ್ ಬೋರ್ಡಿನ ಕಡೆ ಕಣ್ಣು ಹಾಯಿಸುತ್ತಿದ್ದವನನ್ನು ಹಿಡಿದು ಕೂರಿಸಿ ಕಾಫಿ ಕೊಟ್ಟೆ. (ನೀವೂ ಮಾಡಬೇಡಿ. ಹೈಡ್ರೋಜನ್, ಆಮ್ಲಜನಕ ಎರಡೂ ಹುಟ್ಟುವ ಪಾತ್ರೆಯಲ್ಲೇ ಕಿಡಿಯೂ ಹಾರುತ್ತಿರುತ್ತದೆ.)

ಇಂಥ ಪ್ರಯೋಗ ನಡೆದದ್ದು ಸುಳ್ಳಲ್ಲ. ನೀರನ್ನು ಒಡೆಯಲು ಬೇಕಾಗುವ ಶಾಖವೂ ಕರೆಂಟಿನಿಂದಲೇ ಬರಬೇಕೆಂದರೆ 1.48 ವೋಲ್ಟ್ ಸಾಕು. ಈ ಪ್ರಯೋಗ ಮಾಡುವವರು ಕೊಡುವುದು ನೂರಾರು ವೋಲ್ಟ್. ಪೊಟ್ಯಾಸಿಯಂ ಕಾರ್ಬೊನೇಟ್ ಕರಗಿಸಿದ ನೀರಿನಲ್ಲಿ ಟಂಗ್‌ಸ್ಟನ್ ಕಡ್ಡಿ ಇಟ್ಟರೆ ಅದರ ಸುತ್ತ ಆವಿಯ ಪೊರೆ ಕಟ್ಟಿ, ಒಳಗೆ ಪ್ಲಾಸ್ಮಾ, ಅಂದರೆ ಕರೆಂಟು ಹರಿಯುವಂತಾದ ಬಿಸಿ ಅನಿಲ, ಹೊಳೆಯುತ್ತದೆ. ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾಲಯದ ವಿಜ್ಞಾನಿ ತದಾಹಿಕೊ ಮಿಜುನೊ ಇದರ ಹಿಂದೆ ವರ್ಷಗಟ್ಟಲೆ ಬಿದ್ದು, ಹೆಚ್ಚಿನ ಶಾಖ ಕಂಡಿತೆಂದು ವರದಿ ಮಾಡಿದವರು. ಅವರು ಕಂಡದ್ದನ್ನು ಕಂಡಿದ್ದಾರೆ, ಆ ಬಗ್ಗೆ ನನಗೆ ಅನುಮಾನವಿಲ್ಲ. ನನ್ನ ತಕರಾರು ಲೆಕ್ಕದ ಬಗ್ಗೆ.

ನಮ್ಮ ಅಂಗಳದ ಅಡಿಕೆ ಬೇಯಿಸುವ ಹಂಡೆಯನ್ನೇ ನೋಡಿ. ಬೆಂಕಿ ಜೋರಾದಾಗ ಚೊಗರು (ಅಡಿಕೆ ಬೆಂದ ಕೆಂಪು ನೀರು) ಉಕ್ಕುತ್ತದೆ, ಹನಿ ಸಿಡಿಯುತ್ತದೆ, ಹಂಡೆಯ ಮಟ್ಟ ಇಳಿಯುತ್ತದೆ. ಇಳಿದದ್ದೆಲ್ಲ ಆವಿಯಾಯಿತು ಎಂದು ಯಾರಾದರೂ ಲೆಕ್ಕ ಹಾಕಿದರೆ ನಮ್ಮ ಒಲೆಯೂ ಪವಾಡದ ಒಲೆಯೇ! ಒಂದು ಕಿಲೋ ನೀರನ್ನು 25 ಡಿಗ್ರಿಯಿಂದ ಕುದಿಗೆ ತರಲು ಸುಮಾರು 314 ಕಿಲೋಜೂಲ್ ಸಾಕು. ಕುದಿಯುವ ಅದೇ ನೀರನ್ನು ಆವಿ ಮಾಡಲು 2,257 ಬೇಕು, ಏಳು ಪಟ್ಟಿಗೂ ಹೆಚ್ಚು. ಹಾಗಾಗಿ ಹನಿಯಾಗಿ ಸಿಡಿದುಹೋದ 10 ಗ್ರಾಂ ನೀರನ್ನು ಆವಿಯ ಖಾತೆಗೆ ಬರೆದರೆ, 22 ಕಿಲೋಜೂಲಿಗೂ ಹೆಚ್ಚು ಶಾಖ ಪುಸ್ತಕದಲ್ಲೇ ಹುಟ್ಟುತ್ತದೆ. ನೂರು ವಾಟಿನ ಬಲ್ಬು ಹೆಚ್ಚುಕಡಿಮೆ ನಾಲ್ಕು ನಿಮಿಷ ಉರಿಯುವಷ್ಟು.

ಕರೆಂಟಿನ ಕಡೆಯೂ ಇಂಥದ್ದೇ ಕಥೆ. ಪ್ಲಾಸ್ಮಾ ಹತ್ತಿದಾಗ ಕರೆಂಟು ಒಂದೇ ಸಮ ಹರಿಯುವುದಿಲ್ಲ, ಹಾರಿ ಬೀಳುತ್ತದೆ, ವೋಲ್ಟೇಜೂ ಜೊತೆಗೆ ಕುಣಿಯುತ್ತದೆ. ಅಂಗಡಿಯ ಮಲ್ಟಿಮೀಟರ್ ತೋರಿಸುವ ಎರಡು ಸರಾಸರಿಗಳನ್ನು ಗುಣಿಸಿದರೆ ನಿಜವಾದ ವಾಟ್ ಸಿಗುತ್ತದೆಂಬ ಭರವಸೆಯಿಲ್ಲ.

"ಹಾಗಾದ್ರೆ ಎಲ್ಲಾ ಬೊಗಳೆ ಅಂತೀರಾ?" ಎಂದ. ಅನ್ನುವುದಿಲ್ಲ. 1989ರ ಮಾರ್ಚ್ 23ರಂದು ಅಮೆರಿಕದ ಯೂಟಾದಲ್ಲಿ ಫ್ಲೈಶ್‌ಮನ್, ಪಾನ್ಸ್ ಎಂಬ ರಸಾಯನ ವಿಜ್ಞಾನಿಗಳು ಇಂಥದ್ದೇ ಹೆಚ್ಚಿನ ಶಾಖ ಕಂಡು ಅದು ಶೀತಲ ಸಮ್ಮಿಲನ (ಕೋಣೆಯ ಬಿಸಿಯಲ್ಲೇ ಪರಮಾಣು ಬೀಜಗಳು ಕೂಡಿಕೊಳ್ಳುವುದು) ಎಂದು ಘೋಷಿಸಿದಾಗ ನಮ್ಮ ಭಾಭಾ ಅಣುಶಕ್ತಿ ಕೇಂದ್ರದಲ್ಲೂ ಪಿ.ಕೆ. ಅಯ್ಯಂಗಾರರಂಥವರು ಪ್ರಯೋಗಕ್ಕೆ ಇಳಿದಿದ್ದರು. ಗೂಗಲ್ ಹಣ ಕೊಟ್ಟು ನಡೆಸಿದ ಮರುಪರೀಕ್ಷೆಯ ವರದಿ 2019ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು: ಪುರಾವೆ ಸಿಗಲಿಲ್ಲ. ಹುಡುಕಿದ್ದು ಅವಮಾನವಲ್ಲ. ಆದರೆ "ಕಾರಣ ಗೊತ್ತಿಲ್ಲ" ಎನ್ನುವ ಮೊದಲು ಗೊತ್ತಿರುವ ಕಾರಣಗಳನ್ನೆಲ್ಲ ಮುಗಿಸಬೇಕಲ್ಲ?

ಅವನನ್ನು ಎಬ್ಬಿಸಿಕೊಂಡು ಹೋಗಿ ಒಲೆಯ ಹಿಂದಿನ ಗೋಡೆ ತೋರಿಸಿದೆ. ಅಪ್ಪನ ಕಾಲದಿಂದ ಕೂತ ಕೆಂಪು ಕಲೆ, ಸುಣ್ಣ ಬಳಿದರೂ ಮತ್ತೆ ಮೂಡುತ್ತದೆ.

"ಆವಿಗೆ ಬಣ್ಣ ಇರುತ್ತೇನೋ?"

ಸ್ವಲ್ಪ ಹೊತ್ತು ಗೋಡೆ ನೋಡಿದ. "ಅಂದ್ರೆ ಪ್ರಯೋಗ ಮುಗಿದ ಮೇಲೆ ಪಾತ್ರೆಯಲ್ಲಿ ಎಷ್ಟು ಕಾರ್ಬೊನೇಟ್ ಉಳಿದಿದೆ ಅಂತ ತೂಗಬೇಕು. ಕಮ್ಮಿ ಆಗಿದ್ರೆ ಹನಿಯಾಗಿ ಹೋಗಿದೆ."

ಕಾಫಿ ತಣ್ಣಗಾಗಿತ್ತು. ಇನ್ನೊಂದು ಲೋಟ ಕೊಡಿಸಿದೆ.