ಜಾಗತಿಕ ಪ್ರಜೆಗೂ ವಲಸೆ ಪತ್ರ ಬೇಕಂತೆ

ನಮ್ಮ ಅಕ್ಕನ ಮಗನಿಗೆ ಎಂ.ಕಾಂ. ಸೀಟು ಸಿಕ್ಕಿದೆ. ಬೇರೆ ದೇಶದಲ್ಲಲ್ಲ, ಬೇರೆ ರಾಜ್ಯದಲ್ಲೂ ಅಲ್ಲ. ಪಕ್ಕದ ಜಿಲ್ಲೆಯಲ್ಲಿ. ಕೆಂಪು ಬಸ್ಸಿನಲ್ಲಿ ಒಂದೂಕಾಲು ಗಂಟೆ ದಾರಿ. ನಡುವೆ ಒಂದು ಟೋಲು, ಒಂದು ರೈಲ್ವೆ ಗೇಟು, ಒಂದು ಒಳ್ಳೆ ತಟ್ಟೆ ಇಡ್ಲಿ ಹೋಟೆಲು. ಅಷ್ಟೇ.

ಆದರೆ ಹುಡುಗ ಬಿ.ಕಾಂ. ಮಾಡಿದ್ದು ಒಂದು ವಿಶ್ವವಿದ್ಯಾಲಯದಲ್ಲಿ, ಈಗ ಸೇರಬೇಕಿರುವುದು ಇನ್ನೊಂದರಲ್ಲಿ. ಎರಡರ ಹೆಸರೂ ಬೇಡ. ಹಳೆಯದನ್ನು ಒಡೆದೇ ಹೊಸದನ್ನು ಮಾಡಿದ್ದು ಅಂದರೆ ಸಾಕು. ಅಂದರೆ ತಾಯಿ ಮನೆಯಿಂದ ಮಗಳ ಮನೆಗೆ ಹೋಗಬೇಕು. ಅದಕ್ಕೆ ಮೈಗ್ರೇಶನ್ ಸರ್ಟಿಫಿಕೇಟ್ ಬೇಕು. ಕನ್ನಡದಲ್ಲಿ ವಲಸೆ ಪ್ರಮಾಣಪತ್ರ.

ಮಂಗೋಲಿಯಾ ಕಡೆಯಿಂದ ಹಿಮಾಲಯ ದಾಟಿಕೊಂಡು ಪಟ್ಟೆತಲೆ ಹೆಬ್ಬಾತುಗಳು ಪ್ರತಿ ಚಳಿಗಾಲ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುತ್ತವೆ. ಸುತ್ತಲಿನ ಹೊಲಗಳಲ್ಲಿ ಮೇಯ್ದು, ಬೇಸಿಗೆ ಬಂದಾಗ ವಾಪಸ್ ಹೋಗುತ್ತವೆ. ಇದುವರೆಗೆ ಯಾರೂ ಅವುಗಳನ್ನು ಚಲನ್ ಕಟ್ಟಿದ್ದೀರಾ ಅಂತ ಕೇಳಿಲ್ಲ. ನಮ್ಮನ್ನು ಕೇಳಿದರು.

ನಾಲ್ಕನೇ ಕೌಂಟರ್. ಕಿಂಡಿಯ ಆಚೆ ಮೇಡಂ, ಈಚೆ ನಾವು.

"ನೋ ಡ್ಯೂಸ್ ಎಲ್ಲಿ?"

"ಇದೆ ಮೇಡಂ."

"ಲೈಬ್ರರಿದು?"

"ಇದೆ ಮೇಡಂ."

"ಹಾಸ್ಟೆಲ್‌ದು?"

"ಹಾಸ್ಟೆಲ್‌ನಲ್ಲಿ ಇರಲಿಲ್ಲ ಮೇಡಂ. ಮನೆಯಿಂದಲೇ ಓಡಾಡ್ತಿದ್ದ."

"ಸರಿ. ಇರಲಿಲ್ಲ ಅಂತ ವಾರ್ಡನ್ ಹತ್ರ ಬರೆಸ್ಕೊಂಡು ಬನ್ನಿ."

ಮೇಡಂ ಮೇಲೆ ನನಗೆ ಸಿಟ್ಟಿಲ್ಲ. ಅವರ ಎಡಗಡೆ ಒಂದು ಗುಡ್ಡ ಫೈಲು, ಬಲಗಡೆ ಇನ್ನೊಂದು ಗುಡ್ಡ. ಪಕ್ಕದ ಮೂರು ಕುರ್ಚಿ ಖಾಲಿ. ಆ ಹುದ್ದೆಗಳು ತುಂಬಿಲ್ಲ, ಸದ್ಯಕ್ಕೆ ತುಂಬುವುದೂ ಇಲ್ಲ ಅಂತ ಅವರೇ ಹೇಳಿದರು. ವಾರ್ಡನ್ ಹುಡುಕಿಕೊಂಡು ಹೊರಟೆವು. ಎಂದೂ ಕಾಲಿಡದ ಹಾಸ್ಟೆಲ್‌ಗೆ ನಮ್ಮ ಹುಡುಗ ಮೊದಲ ಸಲ ಕಾಲಿಟ್ಟ. ಅಲ್ಲಿ ತಾನು ಇರಲಿಲ್ಲ ಅಂತ ಬರೆಸಿಕೊಳ್ಳೋಕೆ.

ವಾರ್ಡನ್ ಇರಲಿಲ್ಲ. ಸಭಾಂಗಣದಲ್ಲಿ ಕಾರ್ಯಕ್ರಮ ಇದೆ, ಅಲ್ಲಿದ್ದಾರೆ ಅಂದರು. ಸಭಾಂಗಣದ ಬಾಗಿಲಲ್ಲಿ ಅಟೆಂಡರ್ ಒಬ್ಬರು ನಮ್ಮನ್ನು ನೋಡಿದ್ದೇ ತಡ, ದೇವರೇ ಕಳಿಸಿದ ಹಾಗೆ ಖುಷಿಯಾದರು. "ಬನ್ನಿ ಸಾರ್, ಒಳಗೆ ಕೂತ್ಕೊಳ್ಳಿ. ಕುರ್ಚಿ ಖಾಲಿ ಹೊಡೀತಿವೆ. ಊಟ ಇದೆ."

ವೇದಿಕೆಯ ಹಿಂದೆ ಫ್ಲೆಕ್ಸು. "ಜಾಗತಿಕ ಪ್ರಜೆಯಾಗಿ ವಿದ್ಯಾರ್ಥಿ: ಒಂದು ದಿನದ ಅಂತಾರಾಷ್ಟ್ರೀಯ ಕಾರ್ಯಾಗಾರ." ಅದರಲ್ಲಿ ಹನ್ನೊಂದು ಜನರ ಫೋಟೊ. ಕೆಳಗೆ ಮೂಲೆಯಲ್ಲಿ, ಜಾಗ ಉಳಿದ ಕಡೆ, ನಿಂಬೆಹಣ್ಣಿನ ಗಾತ್ರದ ಭೂಗೋಳ. ಅದೂ ಅಮೆರಿಕದ ಕಡೆ ತಿರುಗಿತ್ತು. ಭಾರತ ಹಿಂದುಗಡೆ ಎಲ್ಲೋ ಇದ್ದಿರಬೇಕು.

ಅಂತಾರಾಷ್ಟ್ರೀಯ ಯಾಕೆ ಅಂದರೆ, ದುಬೈನಿಂದ ಒಬ್ಬರು ಝೂಮ್‌ನಲ್ಲಿ ಬರುವವರಿದ್ದರು. ಬಂದರು. ಇದೇ ವಿಶ್ವವಿದ್ಯಾಲಯದ ಹಳೆ ವಿದ್ಯಾರ್ಥಿ, ಮಂಡ್ಯ ಕಡೆಯವರು. "ನನ್ನ ದನಿ ಕೇಳಿಸ್ತಾ ಇದ್ಯಾ?" ಅಂದರು. ಕೇಳಿಸುತ್ತಿರಲಿಲ್ಲ. ಆಮೇಲೆ ದನಿ ಬಂತು, ಮುಖ ಹೋಯಿತು. ಜಗತ್ತು ಈಗ ಒಂದು ಹಳ್ಳಿ ಅಂದರು. ಅಷ್ಟರಲ್ಲಿ ಕರೆಂಟು ಹೋಯಿತು. ಹಳ್ಳಿ ಅನ್ನೋದು ಖಾತ್ರಿಯಾಯಿತು.

ಭಾಷಣ ಯಾರೂ ಅಷ್ಟಾಗಿ ಕೇಳಲಿಲ್ಲ. ಅವತ್ತಿನ ನಿಜವಾದ ಕೆಲಸ ಫೋಟೊ. ಒಬ್ಬ ಯುವ ಉಪನ್ಯಾಸಕರು ಮೊಬೈಲ್ ಹಿಡಿದು ಸಭಾಂಗಣದ ನಾಲ್ಕೂ ಮೂಲೆಯಿಂದ ತೆಗೆದರು. ಪ್ರತಿ ಫೋಟೊದ ಕೆಳಗೆ ತಾರೀಕು, ಸಮಯ, ಊರು, ಅಕ್ಷಾಂಶ, ರೇಖಾಂಶ ತಾನಾಗಿಯೇ ಅಚ್ಚಾಗುತ್ತದೆ. ಕಾಲೇಜು, ವಿಶ್ವವಿದ್ಯಾಲಯಗಳನ್ನು ಪರಿಶೀಲಿಸಿ ಗ್ರೇಡ್ ಕೊಡುವ ನ್ಯಾಕ್‌ಗೆ ಕಳಿಸುವ ವರದಿಗೆ ಇಂಥದ್ದೇ ಆಗಬೇಕಂತೆ. ಅತಿಥಿ ಉಪನ್ಯಾಸಕರಂತೆ ಪಾಪ. ಅವರ ಸಂಬಳ ಎಷ್ಟು ತಿಂಗಳಿಂದ ಬಂದಿಲ್ಲ ಅನ್ನೋದಕ್ಕೆ ಅಕ್ಷಾಂಶ ರೇಖಾಂಶ ಇಲ್ಲ. ನಮ್ಮ ಹುಡುಗ ಮಾತ್ರ ಮೂರು ವರ್ಷದ ಡಿಗ್ರಿಯಲ್ಲಿ ಮೊದಲ ಸಲ, ತಾನು ಜಗತ್ತಿನಲ್ಲಿ ಎಲ್ಲಿ ನಿಂತಿದ್ದೇನೆ ಅಂತ ಇಷ್ಟು ಕರಾರುವಾಕ್ಕಾಗಿ ತಿಳಿದುಕೊಂಡ.

ನ್ಯಾಕ್ ಅಂದರೆ ಸಣ್ಣ ಸಂಗತಿ ಅಲ್ಲ. 1994ರಲ್ಲಿ ಶುರುವಾದದ್ದು, ಕಚೇರಿ ಇರುವುದು ನಮ್ಮ ಬೆಂಗಳೂರಲ್ಲೇ. ಅವರು ಬರುತ್ತಾರೆ ಅಂದರೆ ನಮ್ಮ ಕಡೆ ಮಗಳನ್ನು ನೋಡೋಕೆ ಗಂಡಿನವರು ಬಂದ ಹಾಗೆ. ಸುಣ್ಣ ಬಣ್ಣ ಆಗುತ್ತದೆ. ನಲ್ಲಿಯಲ್ಲಿ ನೀರು ಬರುತ್ತದೆ. ರಾತ್ರೋರಾತ್ರಿ ಹೂಕುಂಡಗಳು ಹುಟ್ಟುತ್ತವೆ. 2025ರ ಫೆಬ್ರುವರಿಯಲ್ಲಿ ಆಂಧ್ರದ ಒಂದು ಸಂಸ್ಥೆಗೆ ಒಳ್ಳೆ ಗ್ರೇಡ್ ಕೊಡೋಕೆ ಲಂಚ ತಗೊಂಡ ಆರೋಪದ ಮೇಲೆ ಸಿಬಿಐನವರು ಪರಿಶೀಲನಾ ತಂಡದವರನ್ನೇ ಹಿಡಿದರು. ನಗದು, ಬಂಗಾರ, ಮೊಬೈಲು, ಲ್ಯಾಪ್‌ಟಾಪು ಅಂತೆಲ್ಲ ಸುದ್ದಿಯಾಯಿತು. ಅವಕ್ಕೂ ಅಕ್ಷಾಂಶ ರೇಖಾಂಶದ ಫೋಟೊ ತೆಗೆದಿದ್ದರೋ ಏನೋ.

ಈ ಜಾಗತಿಕ ಪ್ರಜೆ ಅನ್ನೋ ಮಾತು ಎಲ್ಲಿಂದ ಬಂತು ಅಂತ ಕೇಳಿದರೆ 2020ರ ರಾಷ್ಟ್ರೀಯ ಶಿಕ್ಷಣ ನೀತಿ ತೋರಿಸುತ್ತಾರೆ. ಅದರ ಆಶಯದಲ್ಲೇ ಈ ಪದ ಇದೆ. ದೇಶದಲ್ಲಿ ಎಲ್ಲರಿಗಿಂತ ಮೊದಲು 2021ರಲ್ಲಿ ಅದನ್ನು ಜಾರಿ ಮಾಡಿದ್ದು ನಾವು, ಕರ್ನಾಟಕದವರು. ಡಿಗ್ರಿಗೆ ನಾಲ್ಕು ವರ್ಷ ಅಂದರು. 2024ರ ಮೇ ತಿಂಗಳಲ್ಲಿ ಬೇಡ, ಮೂರೇ ವರ್ಷ ಅಂದರು. ನಮ್ಮ ಹುಡುಗ ಸೇರಿದ್ದು 2022ರಲ್ಲಿ. ಅಂದರೆ ಸರ್ಕಾರಿ ಆದೇಶದ ಪ್ರಕಾರ ಜಾಗತಿಕ ಪ್ರಜೆಯಾಗುತ್ತಾ ಆಗುತ್ತಾ ಇದ್ದಾಗಲೇ ಆದೇಶ ಬದಲಾಯಿತು. ಎಷ್ಟು ಭಾಗ ಆಗಿದ್ದ ಅಂತ ಮಾರ್ಕ್ಸ್ ಕಾರ್ಡಿನಲ್ಲಿ ಬರೆದಿಲ್ಲ.

ಇದಕ್ಕೂ ಮುಂಚೆ ನಮ್ಮಲ್ಲಿ ಜಗತ್ತು ಇರಲಿಲ್ಲವಾ ಅಂದರೆ, ಇತ್ತು. 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು ಕುವೆಂಪು. ಮಗು ಹುಟ್ಟುವಾಗಲೇ ವಿಶ್ವಮಾನವ, ಆಮೇಲೆ ನಾವೇ ಜಾತಿ ಮತ ಹಚ್ಚಿ ಅದನ್ನು ಸಣ್ಣದು ಮಾಡುತ್ತೇವೆ ಅನ್ನೋದು ಅವರ ವಿಚಾರ. ಸಣ್ಣದಾದ ಮಗುವನ್ನು ಮತ್ತೆ ದೊಡ್ಡದು ಮಾಡೋದೇ ವಿದ್ಯೆಯ ಕೆಲಸ. ಈಗ ಪ್ರತಿ ಡಿಸೆಂಬರ್ 29ಕ್ಕೆ ವಿಶ್ವಮಾನವ ದಿನ ಆಚರಿಸಬೇಕು ಅಂತ ಸುತ್ತೋಲೆ ಬರುತ್ತದೆ. ಆಚರಿಸುತ್ತೇವೆ. ಫೋಟೊಗೆ ಹೂವಿನ ಹಾರ, ನಮ್ಮ ಫೋಟೊಗೆ ಅಕ್ಷಾಂಶ ರೇಖಾಂಶ.

ಅವತ್ತು ದೀಪ ಹಚ್ಚೋಕೆ ಒಬ್ಬ ವಿದೇಶಿ ವಿದ್ಯಾರ್ಥಿನಿಯನ್ನು ಕರೆದಿದ್ದರು. ಆಫ್ರಿಕಾದ ಒಂದು ದೇಶದ ಹುಡುಗಿ. ಇಳಕಲ್ ಸೀರೆ ಉಡಿಸಿ, ಮಲ್ಲಿಗೆ ಮುಡಿಸಿದ್ದರು. ಎಲ್ಲ ಫೋಟೊದಲ್ಲೂ ಅವಳೇ ನಡುವೆ. ಫೋಟೊ ಮುಗಿದ ಮೇಲೆ ಅವಳ ಅಕ್ಕಪಕ್ಕದ ಕುರ್ಚಿ ಖಾಲಿ. ಊಟಕ್ಕೆ ಜಾಗ ಹುಡುಕುತ್ತಾ ನಾವು ಹೋಗಿ ಕೂತೆವು. ಅನ್ನ ಸಾರನ್ನು ನಮಗಿಂತ ಚೆನ್ನಾಗಿ ಕಲಸಿಕೊಂಡು ತಿನ್ನುತ್ತಿದ್ದಳು.

"ಕನ್ನಡ ಬರುತ್ತೇನಮ್ಮಾ?" ಅಂದೆ.

"ಸ್ವಲ್ಪ ಬರುತ್ತೆ ಅಂಕಲ್. ಕ್ಯಾಂಟೀನ್ ಅಣ್ಣ ಹೇಳ್ಕೊಟ್ಟ." ಆಮೇಲೆ ದನಿ ತಗ್ಗಿಸಿ, "ರೂಮ್ ಸಿಕ್ತಾ ಇಲ್ಲ ಅಂಕಲ್. ನಿಮ್ಮ ಕಡೆ ಎಲ್ಲಾದ್ರೂ ಇದ್ರೆ ಹೇಳಿ. ಆರು ಮನೆ ನೋಡಿದೆ. ಫೋನಲ್ಲಿ ಇದೆ ಅಂತಾರೆ. ಹೋದ್ರೆ ಇಲ್ಲ ಅಂತಾರೆ."

ನಮ್ಮ ಮನೆ ಮಹಡಿ ಎರಡು ತಿಂಗಳಿಂದ ಖಾಲಿ ಇದೆ. ಗೇಟಿಗೆ ಬೋರ್ಡೂ ಹಾಕಿದ್ದೇನೆ. ನಾನು "ನೋಡೋಣಮ್ಮ, ವಿಚಾರಿಸ್ತೀನಿ" ಅಂದೆ. ಹುಡುಗ ನನ್ನ ಮುಖ ನೋಡಿದ. ನಾನು ಹಪ್ಪಳ ನೋಡಿದೆ. ಜಾಗತಿಕ ಪ್ರಜೆಯ ಸರ್ಟಿಫಿಕೇಟ್ ಇನ್ನೂ ನನ್ನ ಕೈಗೆ ಬಂದಿರಲಿಲ್ಲ ನೋಡಿ.

ಊಟ ಆದ ಹತ್ತೇ ನಿಮಿಷಕ್ಕೆ ಬಂತು. ಗೋಡೆಗೆ ಅಂಟಿಸಿದ್ದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, "ಕಾರ್ಯಾಗಾರ ಹೇಗಿತ್ತು" ಅನ್ನೋದಕ್ಕೆ ಐದರಲ್ಲಿ ಐದು ಚುಕ್ಕಿ ಒತ್ತಿದರೆ ಮೊಬೈಲಿಗೇ ಬರುತ್ತದೆ. ನಾಲ್ಕು ಚುಕ್ಕಿ ಒತ್ತಿ ನೋಡಿದೆ, ಫಾರಂ ಮುಂದಕ್ಕೆ ಹೋಗಲಿಲ್ಲ. ನಾನು ಐವತ್ತೆರಡು ವರ್ಷದ ಕಿರಾಣಿ ಅಂಗಡಿಯವನು, ಪಿಯುಸಿ ಫೇಲು. ಆದರೂ ನಲವತ್ತು ನಿಮಿಷದಲ್ಲಿ ಜಾಗತಿಕ ಪ್ರಜೆಯಾದೆ. ಪುಕ್ಕಟೆ. ಮೇಲೆ ಒಂದು ಹೋಳಿಗೆ.

ವಲಸೆ ಪತ್ರಕ್ಕೆ ಮಾತ್ರ ಇಪ್ಪತ್ತೊಂದು ದಿನ ಹಿಡಿಯುತ್ತೆ ಅಂದರು ನಾಲ್ಕನೇ ಕೌಂಟರಿನಲ್ಲಿ. ಮೌಲ್ಯಮಾಪನ ಕುಲಸಚಿವರ ಸಹಿ ಆಗಬೇಕು. ಅವರೆಲ್ಲಿ ಅಂದೆ. ಅವರು ಕಾರ್ಯಾಗಾರದ ಸಮಾರೋಪದಲ್ಲಿದ್ದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಲೆಕ್ಕ ಹಾಕಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1916ರಲ್ಲಿ, ಮೈಸೂರು ವಿಶ್ವವಿದ್ಯಾಲಯ ಶುರುವಾದಾಗ ಇಡೀ ಸಂಸ್ಥಾನಕ್ಕೆ ಅದೊಂದೇ. ಬೆಂಗಳೂರಿನ ಸೆಂಟ್ರಲ್ ಕಾಲೇಜು, ಮೈಸೂರಿನ ಮಹಾರಾಜಾ ಕಾಲೇಜು ಎರಡೂ ಒಂದೇ ಮನೆಯ ಮಕ್ಕಳು. ಆಮೇಲೆ ಬೆಂಗಳೂರಿಗೆ 1964ರಲ್ಲಿ ಒಂದು, ಮಂಗಳೂರು ಮತ್ತು ಗುಲ್ಬರ್ಗಕ್ಕೆ 1980ರಲ್ಲಿ ಒಂದೊಂದು. ಒಳ್ಳೆಯದೇ ಆಯಿತು, ದೂರದ ಊರಿನ ಮಕ್ಕಳು ಓದಿದರು. 2017ರಲ್ಲಿ ಬೆಂಗಳೂರಿನದನ್ನು ಮೂರು ಮಾಡಿದರು. 2023ರಲ್ಲಿ ಒಂದೇ ಏಟಿಗೆ ಏಳು ಹೊಸವು: ಚಾಮರಾಜನಗರ, ಹಾಸನ, ಕೊಡಗು, ಹಾವೇರಿ, ಕೊಪ್ಪಳ, ಬಾಗಲಕೋಟೆ, ಬೀದರ್. ತಲಾ 2 ಕೋಟಿ ರೂಪಾಯಿ ಅಂದಿದ್ದರು. ಆ ದುಡ್ಡಿಗೆ ಬೆಂಗಳೂರಿನಲ್ಲಿ ಒಂದು ಒಳ್ಳೆ ಫ್ಲ್ಯಾಟು ಬರುತ್ತದೆ. ನಾವು ಒಂದು ವಿಶ್ವವನ್ನೇ ಕಟ್ಟೋಕೆ ಹೊರಟೆವು. ಎರಡು ವರ್ಷ ಕಳೆಯುವುದರೊಳಗೆ, 2025ರ ಫೆಬ್ರುವರಿಯಲ್ಲಿ, ದುಡ್ಡಿಲ್ಲ, ಒಂಬತ್ತು ವಿಶ್ವವಿದ್ಯಾಲಯ ಮುಚ್ಚೋಣ ಅಂತ ಸಂಪುಟ ಉಪಸಮಿತಿಯಲ್ಲಿ ಮಾತಾಯಿತು. ಅಣ್ಣ ತಮ್ಮಂದಿರು ಹಿಸ್ಸೆ ಆದರೆ ನಡುವೆ ಬೇಲಿಯಾದರೂ ನೆಟ್ಟಗಿರುತ್ತೆ. ಇಲ್ಲಿ ಬೇಲಿ ಮಾತ್ರ ಗಟ್ಟಿ, ಮನೆ ಇನ್ನೂ ಪಾಯದಲ್ಲೇ ಇದೆ.

ಅದೇ ವರ್ಷ ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾಲಯಕ್ಕೆ ಬೆಂಗಳೂರಿನಲ್ಲಿ ಕ್ಯಾಂಪಸ್ ತೆರೆಯೋಕೆ ಯುಜಿಸಿ ಅನುಮತಿ ಕೊಟ್ಟಿತು. ಸಂತೋಷ. ಲಿವರ್‌ಪೂಲ್ ಸಮುದ್ರ ದಾಟಿ ಬೆಂಗಳೂರಿಗೆ ಬಂದಾಯಿತು. ನಮ್ಮ ಹುಡುಗನಿಗೆ ಇನ್ನೂ ಟೋಲ್ ಗೇಟ್ ದಾಟೋಕೆ ಆಗಿಲ್ಲ.

ಇಪ್ಪತ್ತೊಂದು ದಿನ ಅಂದಿದ್ದು ಮೂವತ್ತೆಂಟು ದಿನಕ್ಕೆ ಬಂತು. ಹೆಸರಿನಲ್ಲಿ ಒಂದು ಅಕ್ಷರ ತಪ್ಪಿತ್ತು. ತಿದ್ದುಪಡಿಗೆ ಬೇರೆ ಚಲನ್. ಅದೂ ಆಯಿತು. ರಾತ್ರಿ ಹನ್ನೊಂದಕ್ಕೆ ಹುಡುಗ ಹೊಸ ವಿಶ್ವವಿದ್ಯಾಲಯದ ಪೋರ್ಟಲ್ ತೆರೆದು ಕೂತ. ಹಗಲಲ್ಲಿ ಅದು ಏಳುವುದಿಲ್ಲ.

"ಮಾಮ, ಇಲ್ಲಿ ಬಾ."

ಹಿಂದೆ ಓದಿದ ವಿಶ್ವವಿದ್ಯಾಲಯ ಯಾವುದು ಅಂತ ಆರಿಸಬೇಕು. ಉದ್ದನೆ ಪಟ್ಟಿ ಇದೆ. ಮಣಿಪುರದ್ದು ಇದೆ, ಗುಜರಾತಿನದ್ದು ಇದೆ. ಈ ಪೋರ್ಟಲ್‌ನ ಹೆತ್ತ ತಾಯಿ, ನಾವು ನಾಲ್ಕನೇ ಕೌಂಟರಿನಲ್ಲಿ ನಿಂತಿದ್ದೆವಲ್ಲ ಅದು, ಅದೊಂದೇ ಇಲ್ಲ. ಮೇಲಿಂದ ಕೆಳಗೆ ಮೂರು ಸಲ ಹುಡುಕಿದೆವು. ಕೊನೆಗೆ ಹುಡುಗ "ಇತರೆ" ಅಂತ ಒತ್ತಿದ. ಪುಟ ಒಂದು ಸುತ್ತು ತಿರುಗಿ ಹೊಸ ಫಾರಂ ಬಂತು. ವಿದೇಶಿ ವಿದ್ಯಾರ್ಥಿಗಳ ಅರ್ಜಿ. ಶುಲ್ಕ ಡಾಲರಿನಲ್ಲಿ. ಪಾಸ್‌ಪೋರ್ಟ್ ಸಂಖ್ಯೆಯ ಮುಂದೆ ಕೆಂಪು ನಕ್ಷತ್ರ. ಅದು ತುಂಬದೆ ಮುಂದೆ ಹೋಗೋ ಹಾಗಿಲ್ಲ.

ಸಹಾಯವಾಣಿಗೆ ಫೋನ್ ಮಾಡಿದೆ. ಎಂಟು ದಿನ ಮಾಡಿದೆ. ಒಂಬತ್ತನೇ ದಿನ ಯಾರೋ ಎತ್ತಿ, "ಸದ್ಯಕ್ಕೆ ಪಾಸ್‌ಪೋರ್ಟ್ ನಂಬರ್ ಹಾಕ್ಬಿಡಿ ಸರ್, ಆಮೇಲೆ ಸರಿ ಮಾಡೋಣ" ಅಂದರು.

ಹಾಗಾಗಿ ಈಗ ಪಾಸ್‌ಪೋರ್ಟ್‌ಗೆ ಅರ್ಜಿ ಹಾಕಿದ್ದೇವೆ. ನಿನ್ನೆ ಠಾಣೆಯಿಂದ ವೆರಿಫಿಕೇಶನ್‌ಗೆ ಬಂದಿದ್ದರು. ಅಕ್ಕ ಕಾಫಿ ಕೊಟ್ಟಳು. ಪೇದೆ ಒಳ್ಳೆಯವರು, ಕಾಗದ ಎಲ್ಲ ನೋಡಿ ಹುಡುಗನ ಬೆನ್ನು ತಟ್ಟಿದರು.

"ಓದೋಕೆ ಹೊರಟಿದ್ದೀಯಾ? ಭೇಷ್. ಯಾವ ದೇಶಕ್ಕಪ್ಪಾ?"

"ಪಕ್ಕದ ಜಿಲ್ಲೆಗೆ ಸರ್" ಅಂದ ಹುಡುಗ.