ಸತ್ಯಾಂಶ: ಜಾಲತಾಣದಲ್ಲಿ ಕನ್ನಡವನ್ನು ಚಿತ್ರವಾಗಿ ಹಾಕಬೇಕಿಲ್ಲ

‘ಕನ್ನಡ ಎಲ್ಲ ಬ್ರೌಸರ್‌ಗಳಲ್ಲೂ ಸರಿಯಾಗಿ ಮೂಡುವುದಿಲ್ಲ, ಚಿತ್ರ ಮಾಡಿ ಹಾಕುವುದೇ ಕ್ಷೇಮ’ ಎಂಬ ಸಂದೇಶ ಡೆವಲಪರ್‌ಗಳ ನಡುವೆ ಹರಿದಾಡುತ್ತಿದೆ. ಇದು ನಿಜವಲ್ಲ.

ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಸಂಕೇತ ಸಂಖ್ಯೆ ಕೊಡುವ ಯೂನಿಕೋಡ್ ಮಾನದಂಡದ 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಲಿಪಿ ಇದೆ. ಇಂದಿನ ಕ್ರೋಮ್, ಫೈರ್‌ಫಾಕ್ಸ್, ಸಫಾರಿಗಳು ಒತ್ತಕ್ಷರಗಳನ್ನು ಸರಿಯಾಗಿಯೇ ಜೋಡಿಸುತ್ತವೆ. ಪುಟವನ್ನು ಯುಟಿಎಫ್-8 (ಯೂನಿಕೋಡ್ ಅಕ್ಷರಗಳನ್ನು ಕಡತದಲ್ಲಿ ಬರೆದಿಡುವ ವಿಧಾನ) ಎಂದು ಘೋಷಿಸಿ, ನೋಟೊ ಸಾನ್ಸ್ ಕನ್ನಡದಂಥ ಮುಕ್ತ ಫಾಂಟನ್ನು ಪುಟದೊಂದಿಗೇ ಕಳುಹಿಸಿದರೆ ಓದುಗರ ಫೋನಿನಲ್ಲಿ ಕನ್ನಡ ಫಾಂಟ್ ಇಲ್ಲದಿದ್ದರೂ ಚಿಂತೆಯಿಲ್ಲ.

ಚಿತ್ರದೊಳಗಿನ ಬರಹ ಹಿಗ್ಗಿಸಿದರೆ ಮಸುಕಾಗುತ್ತದೆ. ಚಿತ್ರದಲ್ಲಿರುವುದನ್ನು ಹೇಳುವ ಪರ್ಯಾಯ ಪಠ್ಯ ಕೊಡದಿದ್ದರೆ, ಪರದೆಯ ಬರಹವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶ ಬಳಸುವ ಅಂಧರ ಪಾಲಿಗೆ ಅದು ಇಲ್ಲವೇ ಇಲ್ಲ. ಅರ್ಜಿಯ ಸೂಚನೆಗಳನ್ನು ಹೀಗೆ ಹಾಕುವುದು ಅವರಿಗೆ ಮಾಡುವ ಅನ್ಯಾಯವೇ ಸರಿ.

ಅಕ್ಷರ ಕೆಟ್ಟಂತೆ ಕಾಣಲು ಹಲವೊಮ್ಮೆ ಸಾಲುಗಳ ಅಂತರವೇ ಕಾರಣ. ಇಂಗ್ಲಿಷಿಗೆ ಹೊಂದಿಸಿದ, ಅಕ್ಷರ ಗಾತ್ರದ 1.2 ಪಟ್ಟಿನ ಅಂತರದಲ್ಲಿ ‘ರಾಷ್ಟ್ರ’ದ ಒತ್ತು ಕೆಳಗಿನ ಸಾಲಿಗೆ ತಾಗಬಹುದು. ಅಂತರವನ್ನು 1.6 ಪಟ್ಟಿನ ಆಸುಪಾಸಿಗೆ ಏರಿಸಿ ನೋಡಿ.