ಕನ್ನಡಿಯಲ್ಲಿ ಎರಡು ಲಾರಿ

ನನ್ನ ಬೈಕಿಗೆ ಇಷ್ಟವಾದ ವೇಗ 55. ನಿನಗೆಷ್ಟು ಇಷ್ಟ ಅಂತ ಅದು ನನ್ನನ್ನು ಯಾವತ್ತೂ ಕೇಳಿಲ್ಲ.

ಹಳೇ ಗಾಡಿ, 350 ಸಿಸಿ, ಒಂದೇ ಸಿಲಿಂಡರ್. ಸ್ಪೀಡೋಮೀಟರ್ ಮುಳ್ಳು 40ಕ್ಕೂ 70ಕ್ಕೂ ನಡುವೆ ಉಯ್ಯಾಲೆ ಆಡುತ್ತದೆ. ಹಾಗಾಗಿ ನಾನು ವೇಗ ನೋಡೋದು ಕನ್ನಡಿಯಲ್ಲಿ. ಹಿಂದಿನ ಲಾರಿ ಸ್ಪಷ್ಟವಾಗಿ ಕಂಡರೆ 55. ಲಾರಿಯ ಅಂಚು ಮಸುಕಾದರೆ 65. ಎರಡು ಲಾರಿ ಅಕ್ಕಪಕ್ಕ ಬರುತ್ತಿದ್ದರೆ 70 ದಾಟಿದೆ ಅಂತ ಅರ್ಥ.

55ರಲ್ಲಿ ಟಾಪ್ ಗೇರ್ ಹಾಕಿ ಬಿಟ್ಟರೆ ಗಾಡಿ ತನ್ನ ಪಾಡಿಗೆ ಡಗ್ ಡಗ್ ಅಂತ ಹೋಗುತ್ತಿರುತ್ತದೆ. ಕಾಲಿಗೆ ಕಚಗುಳಿ ಇಲ್ಲ, ಕೈಗೆ ಜೋಮು ಇಲ್ಲ. 40ಕ್ಕಿಂತ ಕೆಳಗೆ ಇಳಿದಾಗ ಏರು ಬಂತು ಅನ್ನಿ, ಸೋಮಾರಿತನದಿಂದ ಗೇರ್ ಇಳಿಸದೆ ಸುಮ್ನೆ ಆಕ್ಸಿಲರೇಟರ್ ತಿರುವಿದರೆ ಮುಗೀತು: ಡಬ್ಬಿಯಲ್ಲಿ ಗೋಲಿ ಹಾಕಿ ಅಲ್ಲಾಡಿಸಿದಂಥ ಸದ್ದು. ಗಾಡಿ ಹಲ್ಲು ಕಡಿಯುತ್ತಿದೆ ಅಂತ ತಿಳಿದು ನಾನು ತೆಪ್ಪಗೆ ಗೇರ್ ಇಳಿಸುತ್ತೇನೆ.

ವೇಗ ಹೆಚ್ಚಿದರೆ ಗಾಡಿ ಅದುರುತ್ತದಲ್ಲ, ಅದಕ್ಕೆ ಲೆಕ್ಕವೂ ಇದೆ. ಇಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಪಿಸ್ಟನ್ ಸೆಕೆಂಡಿಗೆ 50 ಸಲ ಮೇಲೆ ಹೋಗಿ ಕೆಳಗೆ ಬರುತ್ತದೆ. ಅದರ ಕುಣಿತ ತಣಿಸೋಕೆ ಈ ಗಾಡಿಯಲ್ಲಿ ಬ್ಯಾಲೆನ್ಸರ್ ಶಾಫ್ಟ್ ಇಲ್ಲ. ಸುತ್ತು ಎರಡು ಪಟ್ಟಾದರೆ ಅದುರಿಸುವ ಬಲ ನಾಲ್ಕು ಪಟ್ಟು. ಅಂದರೆ ಅದೇ ಗೇರಿನಲ್ಲಿ 55ರಿಂದ 78ಕ್ಕೆ ಹೋದರೆ ಸಾಕು, ಅದುರಾಟ ದುಪ್ಪಟ್ಟು.

ಈ ಲೆಕ್ಕ ನಾನು ಕಲಿತದ್ದು ಆಮೇಲೆ. ಮೊದಲು ಕಲಿಸಿದ್ದು ಗೆಳೆಯ. ಅವನದು ಹೊಸ ಬೈಕು. "80ರಲ್ಲಿ ಬಾರೋ, ಇಲ್ಲಾಂದ್ರೆ ಕತ್ತಲಾಗುತ್ತೆ" ಅಂದ. ಹೋದೆ. ಹತ್ತು ನಿಮಿಷ ಮಜವಾಗಿತ್ತು. ಆಮೇಲೆ ಎಡಗನ್ನಡಿ ತಾನಾಗಿಯೇ ಮೆಲ್ಲಗೆ ತಿರುಗಿ ನನಗೆ ನನ್ನದೇ ಗಲ್ಲ ತೋರಿಸತೊಡಗಿತು. ಅಷ್ಟರಲ್ಲಿ ಕಟಕಟ ಸದ್ದು. ಇಂಜಿನ್ನಿನೊಳಗೆ ವಾಲ್ವ್ ತಳ್ಳುವ ಟ್ಯಾಪೆಟ್ ಹೋಯ್ತು ಅಂತ ಎದೆ ಧಸಕ್ಕೆಂದಿತು.

ನಿಲ್ಲಿಸಿ, ಮಂಡಿಯೂರಿ, ಇಂಜಿನ್ ಹತ್ತಿರ ಕಿವಿ ಇಟ್ಟೆ. ಸದ್ದಿಲ್ಲ. ಕಿವಿ ಮಾತ್ರ ಚುರ್ ಅಂದಿತು. ಹೊರಟರೆ ಮತ್ತೆ ಕಟಕಟ. ಮೂರನೇ ಸಲ ಮಂಡಿಯೂರಿದಾಗ ವಾಪಸ್ ಬಂದ ಗೆಳೆಯ ಹಿಂದಿನಿಂದ ಹೇಳಿದ: "ಅಲ್ಲಿ ಏನೋ ಹುಡುಕ್ತೀಯಾ? ನಂಬರ್ ಪ್ಲೇಟ್ ಒಂದೇ ಬೋಲ್ಟಿನಲ್ಲಿ ನೇತಾಡ್ತಿದೆ."

ಬಿಗಿ ಮಾಡೋಣ ಅಂತ ಟೂಲ್ ಬಾಕ್ಸ್ ಕಡೆ ತಿರುಗಿದರೆ ಅದರ ಮುಚ್ಚಳವೇ ಇಲ್ಲ. ಸ್ಪ್ಯಾನರುಗಳನ್ನು ನಾನು ದಾರಿಯುದ್ದಕ್ಕೂ ಬಿತ್ತುತ್ತಾ ಬಂದಿದ್ದೆ. ಹಿಂದಕ್ಕೆ ನಡೆದು ಎರಡು ಆರಿಸಿಕೊಂಡು ಬಂದೆ. ಬೇಕಾದ ಅಳತೆಯದು ಎರಡರಲ್ಲೂ ಇರಲಿಲ್ಲ ಅಂತ ಬೇರೆ ಹೇಳಬೇಕಾ? ಕೊನೆಗೆ ಶೂ ಲೇಸ್ ಬಿಚ್ಚಿ ಪ್ಲೇಟು ಕಟ್ಟಿದೆ. ಮನೆಗೆ ಹೇಳೋಣ ಅಂತ ಫೋನ್ ತೆಗೆದರೆ ಅದು ಕೈಯಲ್ಲಿ ಗುರ್ ಅನ್ನುತ್ತಿದೆ. ನೋಡಿದರೆ ಫೋನ್ ಆಫ್ ಆಗಿತ್ತು. ಗುರ್ ಅನ್ನುತ್ತಿದ್ದದ್ದು ನನ್ನ ಕೈ.

ಉಳಿದ ದಾರಿ 55ರಲ್ಲಿ. ಈಗ ಗೆಳೆಯ ನನ್ನ ಹಿಂದೆ. ಆ ವೇಗದಲ್ಲಿ ಅವನ ಹೊಸ ಬೈಕಿಗೆ ಟಾಪ್ ಗೇರ್ ಹಿಡಿಸಲ್ಲ, ಪಾಪ, ಗೇರ್ ಹಾಕ್ತಾ ತೆಗೀತಾ ಬರುತ್ತಿದ್ದ. ಬಲಗನ್ನಡಿಯಲ್ಲಿ ನೋಡಿದೆ. ಒಬ್ಬನೇ ಕಂಡ.